ಸ್ಟ್ರೋಕ್ ಆಗಿ ಆರು ತಿಂಗಳು ದಾಟಿದ್ಮೇಲೂ ಎಕ್ಸರ್ಸೈಜ್ ಮಾಡಿದ್ರೆ ನಡಿಗೆ ಸುಧಾರಿಸುತ್ತಾ? ಅಪ್ಪ ಮನೆ ಬಿಟ್ಟು ಹೊರಗೇ ಬರ್ತಿಲ್ಲ

ಗಿರಿನಗರ_ಮಗಳು:
ಎಲ್ರಿಗೂ ನಮಸ್ಕಾರ. ನಮ್ಮಪ್ಪಂಗೆ 66 ವರ್ಷ, ಬಿಪಿ ಶುಗರ್ ಎರಡೂ ಇದೆ. ಯುಗಾದಿ ಆದ್ಮೇಲೆ ಸ್ಟ್ರೋಕ್ ಆಯ್ತು, ಬಲಗಡೆ ಮೆದುಳಲ್ಲಿ ಕ್ಲಾಟ್, ಎಡಗೈ ಎಡಗಾಲು ಸ್ವಾಧೀನ ತಪ್ಪಿತು. ಈಗ ಕೋಲು ಹಿಡ್ಕೊಂಡು ರೂಮಿಂದ ಬಾತ್‌ರೂಮ್‌ಗೆ ಹೋಗ್ತಾರೆ, ಊಟಕ್ಕೆ ಟೇಬಲ್ ತನಕ ಬರ್ತಾರೆ, ಅಷ್ಟೇ. ಎಡಗಾಲನ್ನ ನೇರವಾಗಿ ಎತ್ತಿಡಲ್ಲ, ಸೊಂಟದಿಂದ ಹೊರಕ್ಕೆ ಸುತ್ತಿಸಿ ಬೀಸಿ ಇಡ್ತಾರೆ, ನಿಂತ್ಕೊಂಡಾಗ ಆ ಮಂಡಿ ಹಿಂದಕ್ಕೆ ಲಾಕ್ ಆದಂಗೆ ಬಾಗುತ್ತೆ.

ಮೊದಮೊದಲು ಮನೆಗೆ ಒಬ್ರು ಫಿಸಿಯೋ ಬರ್ತಿದ್ರು. ಮಲಗಿಸಿ ಕರೆಂಟ್ ಕೊಡೋರು, ಕೈಕಾಲು ಮಡಚಿ ಬಿಚ್ಚಿಸೋರು, ಕೊನೇಲಿ ಎರಡು ಸುತ್ತು ನಡೆಸೋರು. ಆರು ತಿಂಗಳಾಗ್ತಾ ಬಂದಾಗ "ಇನ್ನು ಬರೋದೆಲ್ಲ ಬಂದಿದೆ, ಇದೇ ಮೇಂಟೇನ್ ಮಾಡ್ಕೊಳ್ಳಿ" ಅಂತ ಹೇಳಿ ನಿಲ್ಲಿಸಿದ್ರು. ಅಮ್ಮಂಗೆ ಎಲ್ಲಿ ಬಿದ್ಬಿಡ್ತಾರೋ ಅಂತ ಭಯ, ನೀರು ಪೇಪರ್ ರಿಮೋಟ್ ಎಲ್ಲಾ ಕೂತಲ್ಲಿಗೇ ತಂದ್ಕೊಡ್ತಾರೆ. ಅಪ್ಪ ದಿನಾ ಟಿವಿ ಮುಂದೆ. ನಂಗೆ ನೋಡೋಕಾಗ್ತಿಲ್ಲ.

ಆರು ತಿಂಗಳು ದಾಟಿದ್ಮೇಲೆ ನಿಜವಾಗ್ಲೂ ಏನೂ ಆಗಲ್ವಾ? ಬ್ಯಾಲೆನ್ಸ್‌ಗೆ ಅಂತ ಮನೇಲಿ ಏನು ಮಾಡ್ಸಬಹುದು? ಒಬ್ರು ಟ್ರೆಡ್‌ಮಿಲ್ ಮೇಲೆ ಬೆಲ್ಟ್ ಹಾಕಿ ನೇತಾಕಿ ನಡೆಸೋ ಸೆಂಟರ್ ಹೇಳಿದ್ರು, ಪ್ಯಾಕೇಜ್ ಕೇಳಿ ತಲೆ ತಿರುಗ್ತು, ಅದಕ್ಕೆ ದುಡ್ಡು ಹಾಕೋದು ಸರೀನಾ? ಗೊತ್ತಿರೋರು ದಯವಿಟ್ಟು ಹೇಳಿ.

ಬೈಟು_ಕಾಫಿ:
ನಿಲ್ಲಿಸಲೇಬೇಡಿ ಮೇಡಂ. ನಮ್ ಚಿಕ್ಕಪ್ಪ ವರ್ಷ ಕಳೆದ್ಮೇಲೆ ಕೋಲು ಬಿಟ್ರು.

ನೆಲಮಂಗಲದವನು:
ಲಕ್ವಕ್ಕೆ ಇಂಗ್ಲಿಷ್ ಔಷಧಿ ನಂಬ್ಕೊಂಡು ಕೂತ್ರೆ ಹಿಂಗೇ ಆಗೋದು. ನಮ್ ಕಡೆ ನಾಟಿ ವೈದ್ಯರು ಎಣ್ಣೆ ಹಚ್ಚಿ ಉಜ್ಜಿ ಎಷ್ಟೋ ಜನರನ್ನ ಎಬ್ಬಿಸಿ ನಡೆಸಿದಾರೆ. ಪಥ್ಯ ಮಾತ್ರ ಕಟ್ಟುನಿಟ್ಟು. ಒಂದ್ಸಲ ಕರ್ಕೊಂಡ್ ಹೋಗಿ ನೋಡಿ, ಕಳ್ಕೊಳ್ಳೋದೇನಿದೆ.

ಫಿಸಿಯೋ_ವಿಜಯನಗರ:
ಕಳ್ಕೊಳ್ಳೋದು ಇದೆ ಸರ್. ಪಥ್ಯದ ಜೊತೆ "ಆ ಮಾತ್ರೆ ನಿಲ್ಲಿಸಿ" ಅಂತಾರೆ, ಬಿಪಿ ಮಾತ್ರೆ, ರಕ್ತ ತೆಳು ಮಾಡೋ ಮಾತ್ರೆ ಎರಡೂ ನಿಂತೋಗುತ್ತೆ, ಎರಡನೇ ಸ್ಟ್ರೋಕ್ ಆಗಿ ಬಂದೋರನ್ನ ನಾನು ವಾರ್ಡಲ್ಲಿ ನೋಡಿದೀನಿ. ಎಣ್ಣೆ ಹಚ್ಚಿದ್ರೆ ಹಿತ ಅನ್ಸುತ್ತೆ, ಹಚ್ಲಿ, ನಂದೇನೂ ತಕರಾರಿಲ್ಲ. ಆದ್ರೆ ಮೊದಲ ಕೆಲವು ವಾರದಲ್ಲಿ ಮೆದುಳು ತಾನಾಗೇ ಒಂದಿಷ್ಟು ಚೇತರಿಸ್ಕೊಳ್ಳುತ್ತೆ, ಆ ಹೊತ್ತಲ್ಲಿ ಯಾರು ಏನು ಹಚ್ಚಿದ್ರೂ ಹೆಸರು ಅವರಿಗೇ ಹೋಗುತ್ತೆ.

ಗಿರಿನಗರ ಮೇಡಂ, ಈಗ ನಿಮ್ಮ ಪ್ರಶ್ನೆ. ಆರು ತಿಂಗಳಿಗೆ ಬಾಗಿಲು ಮುಚ್ಚುತ್ತೆ ಅನ್ನೋದು ತಪ್ಪು. ಮೊದಲ ಮೂರು ತಿಂಗಳು ವೇಗ ಜಾಸ್ತಿ, ಆಮೇಲೆ ನಿಧಾನ ಆಗುತ್ತೆ, ಆದ್ರೆ ನಿಲ್ಲಲ್ಲ. ನಿಮ್ಮ ಟ್ರೆಡ್‌ಮಿಲ್ ಪ್ರಶ್ನೆಗೂ ಇದಕ್ಕೂ ಸೇರಿಸಿ ಒಂದೇ ಉತ್ತರ ಕೊಡೋ ಅಧ್ಯಯನ ಒಂದಿದೆ, ಲೀಪ್ಸ್ ಅಂತ, ಅಮೆರಿಕದಲ್ಲಿ ಮಾಡಿದ್ದು, 2011ರಲ್ಲಿ ಬಂತು. 408 ಜನ. ಒಂದು ಗುಂಪಿಗೆ ಎರಡನೇ ತಿಂಗಳಿಂದ ಬೆಲ್ಟ್ ಕಟ್ಟಿ ಟ್ರೆಡ್‌ಮಿಲ್, ಇನ್ನೊಂದಕ್ಕೆ ಅದೇ ಟ್ರೆಡ್‌ಮಿಲ್ ಆರನೇ ತಿಂಗಳಿಂದ, ಮೂರನೇದಕ್ಕೆ ಎರಡನೇ ತಿಂಗಳಿಂದ ಮನೆಗೇ ಫಿಸಿಯೋ ಬಂದು ಶಕ್ತಿ, ಬ್ಯಾಲೆನ್ಸ್ ಎಕ್ಸರ್ಸೈಜ್. ವರ್ಷದ ಕೊನೇಲಿ ನೋಡಿದ್ರೆ ಮೂರೂ ಗುಂಪು ಹೆಚ್ಚುಕಡಿಮೆ ಒಂದೇ ಕಡೆ ಬಂದು ನಿಂತಿದ್ವು, ಒಟ್ಟಾರೆ 52% ಜನ ನಡಿಗೆಯಲ್ಲಿ ಒಂದು ಹಂತ ಮೇಲೆ ಹತ್ತಿದ್ರು. ಆರು ತಿಂಗಳಿಗೆ ಹಿಂದೆ ಬಿದ್ದಿದ್ದ ಗುಂಪು ಕೂಡ ಆಮೇಲೆ ಶುರು ಮಾಡಿ ಉಳಿದೋರ ಸಮಕ್ಕೆ ಬಂತು. ಇನ್ನೊಂದು ವಿಷಯ, ಆ ಮೂರೂ ಗುಂಪಿಗೆ ಕೊಟ್ಟಿದ್ದು ಒಂದೂವರೆ ಗಂಟೆಯ 36 ಸೆಷನ್. ಮನೆಗೆ ಬಂದು ಅರ್ಧ ಗಂಟೆ ಕರೆಂಟ್, ಎರಡು ಸುತ್ತು ನಡಿಗೆ ಅಂದ್ರೆ ಆ ಪ್ರಮಾಣದ ಹತ್ತಿರಕ್ಕೂ ಬರಲ್ಲ.

ಹಂಗಾಗಿ ಮಷೀನ್ ಪ್ಯಾಕೇಜ್‌ಗೆ ಸಾಲ ಮಾಡ್ಬೇಡಿ. ಒಳ್ಳೆ ಫಿಸಿಯೋ ಒಬ್ರು ಬೇಕು, ಮನೇಲಿ ದಿನಾ ಅಭ್ಯಾಸ ಬೇಕು. "ಬರೋದೆಲ್ಲ ಬಂದಿದೆ" ಅಂದೋರು ಹಂಗಂದ್ಮೇಲೆ ಏನಾದ್ರೂ ಅಳತೆ ಮಾಡಿ ತೋರ್ಸಿದ್ರಾ?

ಗಿರಿನಗರ_ಮಗಳು:
ಇಲ್ಲ ಸರ್, ಅಳತೆ ಅಂತ ಏನೂ ಮಾಡ್ಲಿಲ್ಲ. ಏನನ್ನ ಅಳೀಬೇಕು?

ಫಿಸಿಯೋ_ವಿಜಯನಗರ:
ಮೂರು ಸಾಕು. ಬರ್ಗ್ ಸ್ಕೇಲ್ ಅಂತಿದೆ, 14 ಕೆಲಸ ಮಾಡ್ಸಿ 56ಕ್ಕೆ ಅಂಕ ಕೊಡ್ತೀವಿ: ಕೈ ಊರದೆ ಏಳೋದು, ಕಣ್ಮುಚ್ಚಿ ನಿಲ್ಲೋದು, ನೆಲದಿಂದ ಸಾಮಾನು ಎತ್ತೋದು, ಸುತ್ತ ತಿರುಗೋದು ಹಿಂಗೆ. 45ಕ್ಕಿಂತ ಕಮ್ಮಿ ಇದ್ರೆ ಬೀಳೋ ಅಪಾಯ ಜಾಸ್ತಿ ಅಂತ ಹುಷಾರಾಗ್ತೀವಿ. ಎರಡನೇದು, ಕುರ್ಚಿಯಿಂದ ಎದ್ದು ಮೂರು ಮೀಟರ್ ಹೋಗಿ ತಿರುಗಿ ಬಂದು ಕೂರೋಕೆ ಎಷ್ಟು ಸೆಕೆಂಡ್. ಮೂರನೇದು ನೀವೇ ಮಾಡಬಹುದು, 10 ಮೀಟರ್ ನಡಿಗೆ. ಕಾರಿಡಾರಲ್ಲಿ ಟೇಪ್ ಹಿಡಿದು ಗುರುತು ಹಾಕಿ, ಶುರುವಲ್ಲಿ ಕೊನೇಲಿ ಒಂದೆರಡು ಹೆಜ್ಜೆ ಜಾಗ ಬಿಡಿ, ನಡುವಿನ 10 ಮೀಟರ್‌ಗೆ ಮೊಬೈಲಲ್ಲಿ ಟೈಮ್ ನೋಡಿ. 25 ಸೆಕೆಂಡ್‌ಗಿಂತ ಜಾಸ್ತಿ ಹಿಡಿದ್ರೆ ಸಾಮಾನ್ಯವಾಗಿ ನಡಿಗೆ ಮನೆಯೊಳಗೇ ಉಳ್ಕೊಳ್ಳುತ್ತೆ. ಹನ್ನೆರಡೂವರೆ ಸೆಕೆಂಡ್‌ಗಿಂತ ಕಮ್ಮಿ ಬಂದ್ರೆ ಅಂಗಡಿ, ಬಸ್ಸು ಅಂತ ಊರೊಳಗೆ ಓಡಾಡೋ ಮಟ್ಟ. ತಿಂಗಳಿಗೊಮ್ಮೆ ಅಳೆದು ಕ್ಯಾಲೆಂಡರ್ ಮೇಲೆ ಬರೀರಿ, ಅಪ್ಪಂಗೂ ಕಾಣ್ಲಿ.

ಎಚ್‌ಎಸ್‌ಆರ್_ಟೆಕ್ಕಿ:
ಇದಕ್ಕೆಲ್ಲ ಫಿಸಿಯೋ ಯಾಕ್ರೀ, ಯೂಟ್ಯೂಬಲ್ಲಿ ಎಲ್ಲಾ ಇದೆ. ನಾನು ನಮ್ಮತ್ತೆಗೆ ವಿಡಿಯೋ ನೋಡೇ ಮಾಡ್ಸಿದ್ದು. ದಿನಾ ಮನೆಗೆ ಕರ್ಸಿದ್ರೆ ತಿಂಗಳಿಗೆ ಬಾಡಿಗೆ ಕಟ್ಟಿದಷ್ಟಾಗುತ್ತೆ, ಇನ್ಶೂರೆನ್ಸ್‌ನವರು ನಮಗೆ ಮನೆ ಫಿಸಿಯೋಗೆ ಒಂದು ರೂಪಾಯಿನೂ ಕೊಡ್ಲಿಲ್ಲ.

ಶುಶ್ರೂಷೆ_ಸಿಸ್ಟರ್:
@ಎಚ್‌ಎಸ್‌ಆರ್_ಟೆಕ್ಕಿ ಖರ್ಚಿನ ಮಾತು ಒಪ್ತೀನಿ. ಆದ್ರೆ ಮನೆಯವರೇ ಮಾಡಿದ್ರೆ ಸಾಕಾ ಅನ್ನೋದನ್ನ ನಮ್ಮ ದೇಶದಲ್ಲೇ ಪರೀಕ್ಷೆ ಮಾಡಿ ನೋಡಿದಾರೆ. ಅಟೆಂಡ್ ಅಂತ, 14 ಆಸ್ಪತ್ರೆ, 1250 ರೋಗಿಗಳು, 2017ರಲ್ಲಿ ಲ್ಯಾನ್ಸೆಟ್ ಅನ್ನೋ ವೈದ್ಯಕೀಯ ಪತ್ರಿಕೇಲಿ ಬಂತು. ಒಂದು ಗುಂಪಿನ ಮನೆಯವರಿಗೆ ಆಸ್ಪತ್ರೇಲಿ ತರಬೇತಿ ಕೊಟ್ಟು, ಮನೆಗೆ ಹೋದ್ಮೇಲೂ ಸ್ವಲ್ಪ ದಿನ ಬಂದು ನೋಡಿ, ನೀವೇ ಮಾಡ್ಸಿ ಅಂತ ಬಿಟ್ರು. ಇನ್ನೊಂದು ಗುಂಪಿಗೆ ಎಂದಿನ ಚಿಕಿತ್ಸೆ. ಆರು ತಿಂಗಳಿಗೆ ಎರಡೂ ಗುಂಪಲ್ಲಿ 47% ಜನ ತೀರ್ಕೊಂಡಿದ್ರು ಇಲ್ಲ ಇನ್ನೊಬ್ಬರ ಮೇಲೆ ಅವಲಂಬಿತರಾಗಿದ್ರು. ವ್ಯತ್ಯಾಸವೇ ಬರ್ಲಿಲ್ಲ.

ಎಚ್‌ಎಸ್‌ಆರ್_ಟೆಕ್ಕಿ:
ಹಂಗಾದ್ರೆ ಮನೆಯವರು ಮಾಡ್ಸೋದೇ ವೇಸ್ಟ್ ಅಂತೀರಾ? ಹಳ್ಳಿಲಿರೋರು ಏನು ಮಾಡ್ಬೇಕು?

ಶುಶ್ರೂಷೆ_ಸಿಸ್ಟರ್:
ವೇಸ್ಟ್ ಅಂತ ನಾನು ಹೇಳ್ಲಿಲ್ಲಪ್ಪ. ಫಿಸಿಯೋ ಬದಲು ಮನೆಯವರು ಅಂತ ಇಟ್ರೆ ಹೆಚ್ಚಿನ ಲಾಭ ಸಿಗಲ್ಲ ಅಂತ ಅದು ತೋರ್ಸಿದ್ದು. ಯಾವುದು ಮಾಡ್ಸಬೇಕು, ಯಾವಾಗ ಕಷ್ಟ ಹೆಚ್ಚಿಸಬೇಕು ಅಂತ ಗೊತ್ತಿರೋರು ಹೇಳ್ಬೇಕು, ದಿನಾ ಮಾಡ್ಸೋದು ಮನೆಯವರು. ತಿಂಗಳಿಗೆ ಒಂದೆರಡು ಸಲ ತೋರ್ಸೋಕೆ ಸರ್ಕಾರಿ ಆಸ್ಪತ್ರೆ ಒಪಿಡಿಗೆ ಹೋದ್ರೆ ಖರ್ಚು ತುಂಬಾ ಇಳಿಯುತ್ತೆ. ನಿಮ್ಹಾನ್ಸ್‌ನಲ್ಲಿ ನರರೋಗ ಪುನರ್ವಸತಿಗೇ ಪ್ರತ್ಯೇಕ ವಿಭಾಗ ಇದೆ. ಸೇಂಟ್ ಜಾನ್ಸ್‌ನಲ್ಲೂ ಪುನರ್ವಸತಿ ವಿಭಾಗ ಇದೆ.

ಮಲ್ಲೇಶ್ವರಂ_ಹಳಬ:
ನಾನೇ ಸ್ಟ್ರೋಕ್ ಆಗಿ ಎದ್ದು ಬಂದವನು, ನಂದೂ ಎಡಗಡೆಯೇ. ಸ್ವಲ್ಪ ಉದ್ದ ಬರೀತೀನಿ, ಸಹಿಸ್ಕೊಳ್ಳಿ, ಒಂದೇ ಕೈಯಲ್ಲಿ ಟೈಪ್ ಮಾಡ್ತಿರೋದು.

ಹೊರಗಿಂದ ನೋಡೋರಿಗೆ ಕಾಲಿಗೆ ಶಕ್ತಿ ಇಲ್ಲ ಅಂತ ಕಾಣುತ್ತೆ. ನನಗೆ ಶಕ್ತಿಗಿಂತ ನಂಬಿಕೆ ಇರ್ಲಿಲ್ಲ ಆ ಕಾಲಿನ ಮೇಲೆ. ಪಾದ ನೆಲಕ್ಕೆ ತಾಕಿದೆಯೋ ಇಲ್ವೋ ಅಂತ ಬಗ್ಗಿ ನೋಡಿದ್ರೇನೇ ಗೊತ್ತಾಗ್ತಿತ್ತು. ಹಂಗಾಗಿ ಎದ್ದಾಗ ಮೈಭಾರ ಪೂರ್ತಿ ಬಲಗಾಲಿಗೇ ಹಾಕ್ತಿದ್ದೆ, ಎಡಗಾಲು ಸುಮ್ನೆ ಪಕ್ಕದಲ್ಲಿ ಇರ್ತಿತ್ತು. ನಮ್ಮ ಫಿಸಿಯೋ ಹುಡುಗಿ ಮಾಡಿದ ಮೊದಲ ಕೆಲಸ ಕುರ್ಚಿಯಿಂದ ಏಳಿಸೋದು. ಕುರ್ಚಿ ಮೇಲೆ ಜಮಖಾನ ಮಡಚಿ ಹಾಕಿ ಎತ್ತರ ಮಾಡಿದ್ಲು. ಎಡ ಪಾದ ಸ್ವಲ್ಪ ಹಿಂದಕ್ಕೆ, ಬಲ ಪಾದ ಸ್ವಲ್ಪ ಮುಂದಕ್ಕೆ. ಮೂಗು ಕಾಲ್ಬೆರಳಿನ ಮೇಲೆ ಬರೋವರೆಗೂ ಮುಂದಕ್ಕೆ ಬಾಗ್ಬೇಕು, ಆಮೇಲೆ ಏಳ್ಬೇಕು. ಬಲ ಪಾದ ಮುಂದಿರೋದ್ರಿಂದ ಅದಕ್ಕೆ ಮೋಸ ಮಾಡೋಕೆ ಆಗಲ್ಲ, ಎಡಗಾಲು ಕೆಲಸ ಮಾಡ್ಲೇಬೇಕು. ತೊಡೆ ನಡುಗ್ತಿತ್ತು. ಜಮಖಾನದ ಮಡಿಕೆ ಒಂದೊಂದೇ ತೆಗೀತಾ ಬಂದ್ಲು, ಕುರ್ಚಿ ಎತ್ತರ ಇಳೀತಾ ಹೋಯ್ತು. ಈಗ ದಿವಾನದ ಮೇಲಿಂದಲೂ ಕೈ ಊರದೆ ಏಳ್ತೀನಿ.

ಆಮೇಲೆ ಅಡುಗೆಮನೆ ಕಟ್ಟೆ. ಕಟ್ಟೆಗೆ ಮುಖ ಮಾಡಿ ನಿಲ್ಲೋದು, ಹಿಂದೆ ಒಂದು ಗಟ್ಟಿ ಕುರ್ಚಿ. ಬಲಗಡೆ ಇರೋ ಸ್ಟೀಲ್ ಲೋಟಗಳನ್ನ ಒಂದೊಂದಾಗಿ ಬಲಗೈಲಿ ತಗೊಂಡು ಎಡಗಡೆ ದೂರ ಜೋಡಿಸ್ಬೇಕು. ಕೈ ಎಡಕ್ಕೆ ಚಾಚಿದಷ್ಟೂ ಭಾರ ಎಡಗಾಲಿಗೆ ಇಳಿಯುತ್ತೆ. ಮೊದಲ ಸಲ ಎರಡನೇ ಲೋಟಕ್ಕೇ ಕೂತ್ಬಿಟ್ಟೆ. ಅದಾದ್ಮೇಲೆ ಊಟಕ್ಕೆ ಕೂರೋ ಮಣೆ ಇದ್ಯಲ್ಲ, ಅದನ್ನ ಮುಂದೆ ಇಟ್ಟು ಬಲ ಪಾದ ಅದರ ಮೇಲಿಟ್ಟು ತೆಗಿ, ಇಟ್ಟು ತೆಗಿ. ಬಲ ಪಾದ ಗಾಳೀಲಿರೋ ಅಷ್ಟು ಹೊತ್ತು ಎಡಗಾಲೇ ಮೈ ಹೊರಬೇಕು. ಮಣೆ ಜಾರಬಾರದು, ಕೆಳಗೆ ರಬ್ಬರ್ ಮ್ಯಾಟ್ ಹಾಕಿ.

ಗಿರಿನಗರ_ಮಗಳು:
ಸರ್, ತುಂಬಾ ಥ್ಯಾಂಕ್ಸ್. ಅಮ್ಮಂಗೆ ಓದಿ ಹೇಳ್ದೆ. ಅಪ್ಪ ಏಳುವಾಗ ಅಮ್ಮ ಎರಡೂ ಕೈ ಹಿಡಿದು ಎಳೀತಾರೆ. ಅದು ತಪ್ಪಾ?

ಫಿಸಿಯೋ_ವಿಜಯನಗರ:
ಎಡಗೈ ಹಿಡಿದು ಎಳೆಯೋದು ಇವತ್ತೇ ನಿಲ್ಲಿಸಿ. ಸ್ನಾಯು ಬಲ ಇಲ್ಲದಾಗ ಭುಜದ ಕೀಲು ಕೆಳಕ್ಕೆ ಜಾರಿರುತ್ತೆ, ಎಳೆದ್ರೆ ನೋವು ಹತ್ಕೊಳ್ಳುತ್ತೆ, ಆಮೇಲೆ ತಿಂಗಳುಗಟ್ಟಲೆ ಬಿಡಲ್ಲ. ಅಮ್ಮ ಅವರ ಎಡಗಡೆ, ಅರ್ಧ ಹೆಜ್ಜೆ ಹಿಂದೆ ನಿಲ್ಲಲಿ. ಸೊಂಟಕ್ಕೆ ಅಗಲವಾದ ಗಟ್ಟಿ ಬೆಲ್ಟ್ ಕಟ್ಟಿ ಹಿಂಬದಿ ಹಿಡ್ಕೊಳ್ಳಲಿ. ಎತ್ತಬಾರದು, ವಾಲಿದ್ರೆ ಹಿಡಿಯೋಕೆ ಮಾತ್ರ.

ಅಪ್ಪ ಮನೇಲಿ ಪಂಚೆ ಉಡ್ತಾರಾ? ನಡೆಯೋ ಹೊತ್ತಿಗೆ ಟ್ರ್ಯಾಕ್ ಪ್ಯಾಂಟ್ ಹಾಕ್ಸಿ, ಪಂಚೆ ಅಂಚು ಪಾದಕ್ಕೆ ಸಿಕ್ಕೊಳ್ಳುತ್ತೆ.

ಬೈಟು_ಕಾಫಿ:
ಹವಾಯಿ ಚಪ್ಪಲಿ ಬಗ್ಗೆನೂ ಹೇಳಿ ಸರ್. ಅದರಿಂದಲೇ ನಮ್ಮ ಚಿಕ್ಕಪ್ಪ ಬಿದ್ದಿದ್ದು.

ಶುಶ್ರೂಷೆ_ಸಿಸ್ಟರ್:
ಹವಾಯಿ ಬೇಡವೇ ಬೇಡ, ಹಿಮ್ಮಡಿ ಹಿಂದೆ ಪಟ್ಟಿ ಇರೋ ಸ್ಯಾಂಡಲ್ ಇಲ್ಲ ಶೂ. ಸ್ಟ್ರೋಕ್ ಆದ ಕಡೆ ಮೂಳೆನೂ ಸವೆದಿರುತ್ತೆ, ಜನ ಬೀಳೋದೂ ಹೆಚ್ಚಾಗಿ ಆ ಕಡೆಗೇ, ತೊಡೆಮೂಳೆ ಮುರಿದ್ರೆ ಮಾಡಿದ ಕೆಲಸ ಎಲ್ಲ ಮತ್ತೆ ಮೊದಲಿಂದ. ರಾತ್ರಿ ಬಾತ್‌ರೂಮ್ ದಾರೀಲಿ ಲೈಟ್ ಉರೀಲಿ, ಬಾಗಿಲ ಹತ್ರದ ಕಾಲೊರೆಸು ತೆಗೆದುಬಿಡಿ.

ಗಿರಿನಗರ_ಮಗಳು:
ಇನ್ನೊಂದು ಕೇಳೋದಿತ್ತು, ಅಪ್ಪ ನಡೆಯುವಾಗ ಎಡಗಡೆ ಬಾಗಿಲ ಚೌಕಟ್ಟಿಗೆ ಭುಜ ತಗುಲಿಸ್ಕೊಳ್ತಾರೆ. ತಟ್ಟೇಲಿ ಎಡಗಡೆ ಇರೋ ಪಲ್ಯ ಹಂಗೇ ಬಿಟ್ಟಿರ್ತಾರೆ. ಕಣ್ಣಿನ ಡಾಕ್ಟರಿಗೆ ತೋರ್ಸಬೇಕಾ?

ಫಿಸಿಯೋ_ವಿಜಯನಗರ:
ಕಣ್ಣೂ ತೋರ್ಸಿ, ನರರೋಗ ಡಾಕ್ಟರಿಗೂ ಇದನ್ನ ಮರೀದೆ ಹೇಳಿ. ಬಲ ಮೆದುಳಿಗೆ ಪೆಟ್ಟಾದಾಗ ಕಣ್ಣು ಸರಿ ಇದ್ರೂ ಮೆದುಳು ಎಡಗಡೆ ಲೋಕವನ್ನ ಗಮನಿಸೋದೇ ಬಿಟ್ಟುಬಿಡುತ್ತೆ. ಹಠ, ಅಸಡ್ಡೆ ಅಂತ ಮನೆಯವರು ಬೈತಾರೆ, ಅದಲ್ಲ. ನಿಮ್ಮ ತಂದೆ ಹೊರಗೆ ಬರೋಕೆ ಹೆದರೋದಕ್ಕೂ ಇದು ಕಾರಣ ಇರಬಹುದು, ಎಡಗಡೆಯಿಂದ ಸ್ಕೂಟರ್ ದಿಢೀರ್ ಅಂತ ಬಂದಂಗೆ ಅನ್ಸುತ್ತೆ ಅವರಿಗೆ. ಅವರ ಎಡಗಡೆ ಕೂತೇ ಮಾತಾಡಿ, ಬಾಗಿಲ ಎಡ ಅಂಚಿಗೆ ಕೆಂಪು ಟೇಪ್ ಅಂಟಿಸಿ, "ಮೊದಲು ಎಡಕ್ಕೆ ತಿರುಗಿ ನೋಡಿ, ಆಮೇಲೆ ಹೆಜ್ಜೆ" ಅಂತ ಪ್ರತಿ ಸಲ ನೆನಪಿಸಿ. ಇದನ್ನ ಬಿಟ್ಟು ಬರೀ ಕಾಲಿಗೆ ಎಕ್ಸರ್ಸೈಜ್ ಮಾಡ್ಸಿದ್ರೆ ಅರ್ಧ ಕೆಲಸ.

ರಾಜಾಜಿನಗರ_ಸೊಸೆ:
ಕೋಲು ಯಾವ ಕೈಲಿ ಹಿಡೀಬೇಕು? ನಮ್ಮ ಮಾವನಿಗೆ ಬಲಗಾಲು ವೀಕ್, ಬಲಗೈಯಲ್ಲೇ ಹಿಡೀತಾರೆ, ವೀಕ್ ಇರೋ ಕಡೆ ತಾನೇ ಆಸರೆ ಬೇಕಾಗಿರೋದು?

ಮಲ್ಲೇಶ್ವರಂ_ಹಳಬ:
ಅಲ್ಲಮ್ಮ, ಚೆನ್ನಾಗಿರೋ ಕೈಲಿ. ನಿಮ್ಮ ಮಾವ ಎಡಗೈಲಿ ಹಿಡೀಬೇಕು. ಕೋಲು ಮೊದಲು, ಆಮೇಲೆ ವೀಕ್ ಕಾಲು, ಆಮೇಲೆ ಒಳ್ಳೆ ಕಾಲು. ನೇರ ನಿಂತು ಕೈ ಇಳಿಬಿಟ್ರೆ ಮಣಿಕಟ್ಟಿನ ಗೆರೆ ಎಲ್ಲಿ ಬರುತ್ತೋ ಅಲ್ಲಿಗೆ ಕೋಲಿನ ಹಿಡಿ ಬರ್ಬೇಕು. ಮೆಟ್ಟಿಲು ಹತ್ತುವಾಗ ಒಳ್ಳೆ ಕಾಲು ಮೊದಲು, ಇಳಿಯುವಾಗ ವೀಕ್ ಕಾಲು ಮೊದಲು.

ನೆಲಮಂಗಲದವನು:
ಎಲ್ಲಾ ಸರಿ, ಆದ್ರೆ ಒಂದು ಹೇಳ್ತೀನಿ, ನಮ್ಮ ಮಾವಂಗೆ ಆಸ್ಪತ್ರೇಲಿ ಐಸಿಯುಲಿ ಮಲಗಿಸೇ ಇಟ್ಟಿದ್ರು, ಎಬ್ಬಿಸ್ಲೇ ಇಲ್ಲ. ಮೊದಲ ದಿನದಿಂದಲೇ ಎಬ್ಬಿಸಿ ನಡೆಸಿದ್ರೆ ಇಷ್ಟು ಕಷ್ಟ ಇರ್ತಿರ್ಲಿಲ್ಲ. ಅದೇ ಕೋಪಕ್ಕೆ ನಾವು ನಾಟಿ ಕಡೆ ಹೋಗಿದ್ದು.

ಶುಶ್ರೂಷೆ_ಸಿಸ್ಟರ್:
ನಿಮ್ಮ ಕೋಪ ಅರ್ಥ ಆಗುತ್ತೆ ಸರ್, ಯಾಕೆ ಮಲಗಿಸಿದೀವಿ ಅಂತ ಯಾರಾದ್ರೂ ಕೂತು ಹೇಳ್ಬೇಕಿತ್ತು. ಆದ್ರೆ ಮೊದಲ ದಿನವೇ ಜಾಸ್ತಿ ನಡೆಸೋದು ಒಳ್ಳೇದಲ್ಲ ಅಂತ ಈಗ ಗೊತ್ತಿದೆ. ಅವರ್ಟ್ ಅಂತ ದೊಡ್ಡ ಅಧ್ಯಯನ 2015ರಲ್ಲಿ ಬಂತು, ಐದು ದೇಶ, 56 ಆಸ್ಪತ್ರೆ, 2104 ರೋಗಿಗಳು. 24 ಗಂಟೆಯೊಳಗೆ ಹಾಸಿಗೆಯಿಂದ ಎಬ್ಬಿಸಿ ಹೆಚ್ಚು ಹೆಚ್ಚು ಕೆಲಸ ಕೊಟ್ಟ ಗುಂಪಲ್ಲಿ ಮೂರು ತಿಂಗಳಿಗೆ ಚೆನ್ನಾಗಾದೋರು 46%, ಎಂದಿನಂತೆ ನೋಡ್ಕೊಂಡ ಗುಂಪಲ್ಲಿ 50%. ಮೊದಲ ದಿನಗಳಲ್ಲಿ ಎಬ್ಬಿಸ್ಬೇಕು, ಆದ್ರೆ ಸ್ವಲ್ಪ ಹೊತ್ತು, ಆಗಾಗ. ಓಡಾಟದ ಡೋಸ್ ಏರ್ಸೋದು ಆಮೇಲೆ.

ನೆಲಮಂಗಲದವನು:
ಇದು ಗೊತ್ತಿರ್ಲಿಲ್ಲ ಸಿಸ್ಟರ್. ಮಾವ ಈಗ್ಲೂ ಮಲಗೇ ಇದಾರೆ. ಮಾತ್ರೆ ಬಗ್ಗೆ ನಾಳೆನೇ ಡಾಕ್ಟರನ್ನ ಕೇಳ್ತೀನಿ.

ಯಲಹಂಕ_ರನ್ನರ್:
ಒಂದು ವಿಷಯ ಯಾರೂ ಹೇಳ್ತಿಲ್ಲ, ಸ್ಟ್ಯಾಮಿನಾ. ಅಮ್ಮಂಗೆ ಸ್ಟ್ರೋಕ್ ಆದ್ಮೇಲೆ ಬ್ಯಾಲೆನ್ಸ್ ಎಕ್ಸರ್ಸೈಜ್ ಎಲ್ಲಾ ಮಾಡ್ಸಿದ್ವಿ, ಆದ್ರೆ ಇನ್ನೂರು ಹೆಜ್ಜೆಗೆ ಏದುಸಿರು. ಸ್ಟ್ರೋಕ್ ಆದೋರಿಗೆ ಫಿಟ್‌ನೆಸ್ ಟ್ರೈನಿಂಗ್ ಬಗ್ಗೆ ಕಾಕ್ರೇನ್ ರಿವ್ಯೂ ಇದೆ, ಅಂದ್ರೆ ಬೇರೆ ಬೇರೆ ಅಧ್ಯಯನಗಳನ್ನ ಒಟ್ಟಿಗೆ ಸೇರಿಸಿ ನೋಡಿದ ವರದಿ, 2020ದು, 75 ಅಧ್ಯಯನ, ಮೂರು ಸಾವಿರಕ್ಕೂ ಹೆಚ್ಚು ಜನ. ಎದೆಬಡಿತ ಏರೋ ಥರ ವ್ಯಾಯಾಮ, ಅದರಲ್ಲೂ ನಡಿಗೆಯನ್ನೇ ವ್ಯಾಯಾಮವಾಗಿ ಮಾಡಿದಾಗ ನಡಿಗೆ ವೇಗ, ದೂರ, ಬ್ಯಾಲೆನ್ಸ್ ಎಲ್ಲಾ ಸುಧಾರಿಸುತ್ತೆ ಅಂತ ಅದರಲ್ಲಿದೆ. ನಿಧಾನಕ್ಕೆ ನಡೀರಿ ನಿಧಾನಕ್ಕೆ ನಡೀರಿ ಅಂತ ಎಲ್ರೂ ಹೇಳ್ತಾ ಇದ್ರೆ ವೇಗ ಬರೋದು ಯಾವಾಗ?

ಫಿಸಿಯೋ_ವಿಜಯನಗರ:
ನೂರಕ್ಕೆ ನೂರು ಒಪ್ತೀನಿ, ಆದ್ರೆ ಬಿಪಿ ಹತೋಟಿಗೆ ಬಂದಿರ್ಬೇಕು, ಹಾರ್ಟ್ ಒಂದ್ಸಲ ನೋಡಿರ್ಬೇಕು, ಅದಾಗದೆ ಜೋರು ನಡಿಗೆ ಬೇಡ. ಡಾಕ್ಟರ್ ಒಪ್ಪಿದ್ಮೇಲೆ ಒಂದು ನಿಮಿಷ ಆದಷ್ಟು ಬೇಗ ನಡೆದು ಎರಡು ನಿಮಿಷ ಕೂರೋದು, ಹಿಂಗೆ ಶುರು ಮಾಡಿ. ನಡೀತಾ ಸಣ್ಣ ಮಾತು ಆಡೋಕಾಗ್ಬೇಕು, ದೊಡ್ಡ ಕಥೆ ಹೇಳೋಕಾಗ್ಬಾರದು, ಅಷ್ಟು ಸಾಕು. ಎದೆ ನೋವು, ತಲೆ ಸುತ್ತು ಬಂದ್ರೆ ಅಲ್ಲೇ ನಿಲ್ಲಿಸಿ. ಹೊಸದಾಗಿ ಮಾತು ತೊದಲಿದ್ರೆ, ಮುಖ ಸೊಟ್ಟ ಆದ್ರೆ ತಕ್ಷಣ ಆಸ್ಪತ್ರೆ, ಕ್ಲಾಟ್ ಕರಗಿಸೋ ಇಂಜೆಕ್ಷನ್‌ಗೆ ನಾಲ್ಕೂವರೆ ಗಂಟೆ ಮಾತ್ರ ಟೈಮ್ ಇರೋದು.

ಕೆಂಗೇರಿ_ಲೆಕ್ಚರರ್:
ಹೊರಗೆ ನಡೀಲಿ ನಡೀಲಿ ಅಂತೀರಲ್ಲ, ಎಲ್ಲಿ ನಡೀಬೇಕು ಸ್ವಾಮಿ? ನಮ್ಮ ರಸ್ತೆ ಫುಟ್‌ಪಾತ್ ಮೊಣಕಾಲೆತ್ತರ, ಪ್ರತಿ ಗೇಟಿಗೂ ಇಳಿಜಾರು, ನಡುವೆ ಟ್ರಾನ್ಸ್‌ಫಾರ್ಮರ್, ಕಲ್ಲುಚಪ್ಪಡಿ ಅಲುಗಾಡುತ್ತೆ, ಅದರ ಮೇಲೆ ಬೈಕ್ ಹತ್ಸೋರು. ಚೆನ್ನಾಗಿರೋ ಕಾಲಿನೋರೇ ಎಡವಿ ಬೀಳ್ತಾರೆ. ಸ್ಟ್ರೋಕ್ ಆದೋರನ್ನ ಮನೇಲಿ ಕೂರ್ಸಿರೋದು ಅವರ ಭಯ ಅಲ್ಲ, ಈ ಊರು.

ಬೈಟು_ಕಾಫಿ:
+1. ಸಿಗ್ನಲಲ್ಲಿ ಅರ್ಧ ದಾಟೋ ಹೊತ್ತಿಗೆ ಹಾರ್ನ್ ಶುರು.

ಯಲಹಂಕ_ರನ್ನರ್:
ಲಾಲ್‌ಬಾಗ್ ಕರ್ಕೊಂಡ್ ಹೋಗಿ, ಒಳಗೆ ರಸ್ತೆ ಅಗಲ ಇದೆ, ಕೂರೋಕೆ ಬೆಂಚು ಇದೆ. ಬಂಡೆ ಕಡೆ ಹೋಗ್ಬೇಡಿ ಅಷ್ಟೇ. ಗಿರಿನಗರದಿಂದ ಏನು ದೂರ.

ಕೆಂಗೇರಿ_ಲೆಕ್ಚರರ್:
ದಿನಾ ಆಟೋ ಮಾಡ್ಕೊಂಡು ಲಾಲ್‌ಬಾಗ್‌ಗೆ ಹೋಗೋಕೆ ಎಲ್ರಿಂದ ಆಗುತ್ತಾ? ಮನೆ ಮುಂದಿನ ರಸ್ತೆ ಸರಿ ಇರ್ಬೇಕು ಅನ್ನೋದು ನನ್ನ ವಾದ. ಆಸ್ಪತ್ರೆ ಕಟ್ಟಿದಷ್ಟೇ ಇದೂ ಚಿಕಿತ್ಸೆ.

ಮಲ್ಲೇಶ್ವರಂ_ಹಳಬ:
ಲೆಕ್ಚರರ್ ಸರ್ ಮಾತು ಸತ್ಯ. ಆದ್ರೆ ರಸ್ತೆ ಸರಿ ಆಗೋ ತನಕ ಕಾಯೋಕೆ ನನ್ನಿಂದ ಆಗ್ಲಿಲ್ಲ. ಭಾನುವಾರ ಬೆಳಿಗ್ಗೆ ಬೇಗ ರಸ್ತೆ ಖಾಲಿ ಇರುತ್ತೆ, ಆಗ ರಸ್ತೆ ಅಂಚಲ್ಲೇ ನಡೆದೆ. ಒಬ್ರು ಜೊತೆಗಿರ್ಬೇಕು, ನನ್ನ ಎಡಗಡೆ. ಆಮೇಲೆ ನಮ್ಮ ಬೀದಿ ತುದಿ ದರ್ಶಿನಿ. ಅಲ್ಲಿ ಕೂರೋಕೆ ಕುರ್ಚಿ ಇಲ್ಲ, ಎದೆಮಟ್ಟದ ಟೇಬಲ್ ಮುಂದೆ ನಿಂತು ಕುಡೀಬೇಕು. ಕೋಲನ್ನ ಟೇಬಲ್‌ಗೆ ಒರಗಿಸಿ, ಬಲಗೈಲಿ ಲೋಟ ಎತ್ತಿದ್ರೆ ಹಿಡ್ಕೊಳ್ಳೋಕೆ ಬೇರೆ ಕೈ ಇಲ್ಲ, ಎರಡು ಕಾಲಲ್ಲೇ ನಿಲ್ಬೇಕು. ಸುತ್ತ ಜನ, ಗದ್ದಲ, ಯಾರೋ ಹಿಂದೆ ಹಾದುಹೋಗ್ತಾರೆ, ಮಾಣಿ ಕೂಗ್ತಾನೆ, ತಲೆ ತಿರುಗಿಸಿ ನೋಡ್ಬೇಕು. ಫಿಸಿಯೋ ಹುಡುಗಿಗೆ ಹೇಳಿದ್ರೆ ನಾನು ಮುಂದಿನ ತಿಂಗಳು ಮಾಡ್ಸಬೇಕು ಅಂದ್ಕೊಂಡಿದ್ದೆಲ್ಲ ಅಲ್ಲೇ ಆಯ್ತಲ್ಲ ಅಂಕಲ್ ಅಂದ್ಲು.

ಗಿರಿನಗರ ಮಗಳಿಗೆ ಇದನ್ನೇ ಹೇಳೋದು. "ಎಕ್ಸರ್ಸೈಜ್ ಮಾಡಿ" ಅಂದ್ರೆ ನಿಮ್ಮಪ್ಪ ಏಳಲ್ಲ. ಎಲ್ಲಿಗೆ ಹೋಗೋಕೆ ಆಸೆ ಇದೆ ಅಂತ ಕೇಳಿ.

ಗಿರಿನಗರ_ಮಗಳು:
ಕೇಳಿದೆ ಸರ್. ಸ್ವಲ್ಪ ಹೊತ್ತು ಸುಮ್ನಿದ್ದು "ಗವಿ ಗಂಗಾಧರೇಶ್ವರನ ದರ್ಶನ ಮಾಡ್ಬೇಕು" ಅಂದ್ರು. ಮೊದಲು ಪ್ರತಿ ಸೋಮವಾರ ನಡ್ಕೊಂಡೇ ಹೋಗ್ತಿದ್ರು. ಅಮ್ಮ ತಕ್ಷಣ "ಅಲ್ಲಿ ಮೆಟ್ಟಿಲು ಇಳೀಬೇಕು, ಒಳಗೆ ಬಗ್ಗಿ ಹೋಗ್ಬೇಕು, ಬೇಡ" ಅಂದ್ರು, ಅಪ್ಪ ಮುಖ ತಿರುಗಿಸ್ಕೊಂಡ್ರು. ಆಮೇಲೆ ಅಮ್ಮನ ಜೊತೆ ನಾನು ಜಗಳನೇ ಆಡ್ದೆ.

ಶುಶ್ರೂಷೆ_ಸಿಸ್ಟರ್:
ಅಮ್ಮನ ಮೇಲೆ ಸಿಟ್ಟಾಗ್ಬೇಡಿ ಪುಟ್ಟಾ. ಬಿದ್ರೆ ಎತ್ತೋರು ಅವರೇ, ರಾತ್ರಿ ಎದ್ದು ನೋಡೋರೂ ಅವರೇ. ಬಿದ್ರೆ ಹೆಂಗೆ ಏಳ್ಬೇಕು ಅಂತ ಇಬ್ರಿಗೂ ಫಿಸಿಯೋ ಹತ್ರ ಕಲಿಸಿ: ಚಾಪೆ ಮೇಲೆ ಒಳ್ಳೆ ಕಡೆಗೆ ಹೊರಳಿ, ಮೊಣಕೈ ಊರಿ, ಮಂಡಿಗೆ ಬಂದು, ಕುರ್ಚಿ ಹಿಡಿದು ಏಳೋದು. ಅದನ್ನ ಕಣ್ಣಾರೆ ನೋಡಿದ್ಮೇಲೆ ಎಷ್ಟೋ ಅಮ್ಮಂದಿರ ಭಯ ಇಳಿದಿದೆ. ಮತ್ತೆ ಅಪ್ಪ ಯಾವಾಗ್ಲೂ ಮಂಕಾಗಿದ್ರೆ, ನಿದ್ದೆ ಊಟ ಸರಿ ಇಲ್ಲ ಅಂದ್ರೆ ಡಾಕ್ಟರಿಗೆ ಹೇಳಿ. ಸ್ಟ್ರೋಕ್ ಆದೋರಲ್ಲಿ ಖಿನ್ನತೆ ತುಂಬಾ ಸಾಮಾನ್ಯ, ಅದಕ್ಕೆ ಚಿಕಿತ್ಸೆ ಇದೆ.

ಫಿಸಿಯೋ_ವಿಜಯನಗರ:
ಗವಿ ಗಂಗಾಧರೇಶ್ವರ ಒಳ್ಳೆ ಗುರಿ. ಮೆಟ್ಟಿಲು ಇಳಿಯೋದು, ಬಗ್ಗಿ ನಡೆಯೋದು, ಬರಿಗಾಲಲ್ಲಿ ಒದ್ದೆ ಕಲ್ಲು, ಮಂಗಳಾರತಿಗೆ ನಿಲ್ಲೋದು, ಒಂದೊಂದನ್ನೂ ಬೇರೆ ಬೇರೆ ಮಾಡಿ ಮನೇಲಿ ಅಭ್ಯಾಸ ಮಾಡ್ಸಬಹುದು. ಸಂಕ್ರಾಂತಿ ಜನಜಂಗುಳಿ ಬೇಡ, ಮಾಮೂಲಿ ದಿನ ಹೋಗಿ.

ಅದಕ್ಕೂ ಮೊದಲು ಆ ಮಂಡಿ ಹಿಂದಕ್ಕೆ ಬಾಗೋದನ್ನ ತೋರ್ಸಿ. ಪಾದ ಜೋತು ಬಿದ್ದಿರೋದಕ್ಕೂ ಮಂಡಿಗೂ ಸಂಬಂಧ ಇರುತ್ತೆ, ಸರಿಯಾದ ಅಳತೆಯ ಎಎಫ್‌ಒ, ಅಂದ್ರೆ ಪಾದ ಮತ್ತು ಅದರ ಕೀಲನ್ನ ಹಿಡಿದಿಡೋ ಪಟ್ಟಿ, ಹಾಕಿದ್ರೆ ಪಾದ ಎಳೆಯೋದು ಕಮ್ಮಿ ಆಗುತ್ತೆ, ಮಂಡಿಗೂ ಹಿಡಿತ ಸಿಗಬಹುದು. ಮೆಡಿಕಲ್ ಶಾಪಲ್ಲಿ ರೆಡಿಮೇಡ್ ತಗೋಬೇಡಿ. ಜೆಪಿ ನಗರದ ಮೊಬಿಲಿಟಿ ಇಂಡಿಯಾದಲ್ಲಿ ಅಳತೆ ತಗೊಂಡು ಮಾಡ್ಕೊಡ್ತಾರೆ, ಲಿಂಗರಾಜಪುರದ ಎಪಿಡಿ ಸಂಸ್ಥೆಯವರೂ ಅಂಗವಿಕಲರ ಪುನರ್ವಸತಿಲಿ 1959ರಿಂದ ಇದಾರೆ. ಶುಗರ್ ಇರೋದ್ರಿಂದ ಪಟ್ಟಿ ತೆಗೆದ ಮೇಲೆ ದಿನಾ ಪಾದ ನೋಡಿ, ಕೆಂಪಾಗಿದ್ರೆ ಮತ್ತೆ ಸರಿ ಮಾಡ್ಸಿ. ಕಾಲು ತುಂಬಾ ಬಿಗಿ ಇದ್ರೆ ಅದಕ್ಕೆ ಮಾತ್ರೆ, ಬೊಟಾಕ್ಸ್ ಇಂಜೆಕ್ಷನ್ ಅಂತೆಲ್ಲ ಇದೆ, ಡಾಕ್ಟರ್ ನೋಡಿ ಹೇಳ್ಬೇಕು.

ರಾಜಾಜಿನಗರ_ಸೊಸೆ:
ಕರೆಂಟ್ ಕೊಡ್ಸೋದು ಪೂರ್ತಿ ದಂಡನಾ ಹಂಗಾದ್ರೆ? ಮಾವ ಅದನ್ನೇ ಕೇಳ್ತಾರೆ, ಕರೆಂಟ್ ಇಲ್ಲ ಅಂದ್ರೆ ಟ್ರೀಟ್‌ಮೆಂಟೇ ಆಗಿಲ್ಲ ಅಂತಾರೆ.

ಫಿಸಿಯೋ_ವಿಜಯನಗರ:
ನಡೆಯುವಾಗ ಸರಿಯಾದ ಕ್ಷಣಕ್ಕೆ ಪಾದ ಎತ್ತೋ ಸ್ನಾಯುವಿಗೆ ಕರೆಂಟ್ ಕೊಡೋ ಪದ್ಧತಿ ಇದೆ, ಅದು ಎಎಫ್‌ಒ ಥರಾನೇ ಉಪಯೋಗ ಆಗುತ್ತೆ. ಮಲಗಿಸಿ ಕೊಟ್ಟು ಅದರಲ್ಲೇ ಸೆಷನ್ ಮುಗ್ಸೋದು ಬೇರೆ. ಮಾವಂಗೆ ಬೇಜಾರು ಮಾಡ್ಬೇಡಿ, ಕೊನೇಲಿ ಐದು ನಿಮಿಷ ಕೊಡ್ಸಿ, ಉಳಿದ ಹೊತ್ತೆಲ್ಲ ಕಾಲ ಮೇಲೆ ಇರ್ಲಿ.

ಹಾಸನ_ಹುಡುಗ:
ನಾನು ಬೆಂಗಳೂರಲ್ಲಿ ಕೆಲಸ, ಅಮ್ಮ ಊರಲ್ಲಿ. ಸ್ಟ್ರೋಕ್ ಆಗಿ ಎರಡು ತಿಂಗಳು. ವಿಡಿಯೋ ಕಾಲಲ್ಲಿ ಫಿಸಿಯೋ ಮಾಡ್ಸಿದ್ರೆ ಆಗುತ್ತಾ?

ಫಿಸಿಯೋ_ವಿಜಯನಗರ:
ಮೊದಲ ಸಲ ಯಾರಾದ್ರೂ ಕೈಯಿಟ್ಟು ನೋಡ್ಲೇಬೇಕು, ಹಾಸನದ ಜಿಲ್ಲಾ ಆಸ್ಪತ್ರೇಲಿ ತೋರ್ಸಿ. ಆಮೇಲೆ ವಿಡಿಯೋಲಿ ಮುಂದುವರಿಸಬಹುದು, ಆದ್ರೆ ಪಕ್ಕದಲ್ಲಿ ಹಿಡಿಯೋಕೆ ಒಬ್ರು ಇಲ್ಲದೆ ನಿಂತು ಮಾಡೋದು ಯಾವುದನ್ನೂ ಮಾಡ್ಸಬೇಡಿ. ಮನೆ ಬಾತ್‌ರೂಮ್ ಹೆಂಗಿದೆ, ಇಂಡಿಯನ್ನಾ?

ಹಾಸನ_ಹುಡುಗ:
ಹೌದು ಸರ್, ಹಿತ್ತಲಲ್ಲಿ, ಮೂರು ಮೆಟ್ಟಿಲು ಇಳೀಬೇಕು.

ಫಿಸಿಯೋ_ವಿಜಯನಗರ:
ಈ ಸಲ ಊರಿಗೆ ಹೋದಾಗ ಆ ಮೆಟ್ಟಿಲಿಗೆ ಎರಡೂ ಕಡೆ ಕಬ್ಬಿಣದ ಪೈಪ್ ಹಾಕ್ಸಿ, ಒಂದೇ ಕಡೆ ಹಾಕ್ಸಿದ್ರೆ ಹೋಗುವಾಗ ಸಿಕ್ಕಿದ್ದು ಬರುವಾಗ ವೀಕ್ ಕೈ ಕಡೆಗೆ ಬರುತ್ತೆ. ಮೇಲೆ ಇಡೋ ಕಮೋಡ್ ಕುರ್ಚಿ ಸಿಗುತ್ತೆ, ಕಾಲಿಗೆ ರಬ್ಬರ್ ಬುಷ್ ಇದೆಯಾ ನೋಡಿ ತಗೊಳ್ಳಿ. ಅಮ್ಮ ಕೂತಾಗ ಎರಡೂ ಪಾದ ಪೂರ್ತಿ ನೆಲಕ್ಕೆ ತಾಕ್ಬೇಕು, ಆ ಎತ್ತರ. ವೆಲ್ಡಿಂಗ್‌ನವನಿಗೆ ಫೋನಲ್ಲಿ ಹೇಳಿ ಮಾಡ್ಸಬೇಡಿ, ಅಮ್ಮನ್ನ ನಿಲ್ಲಿಸಿ ಕೈ ಎಲ್ಲಿಗೆ ಬರುತ್ತೆ ಅಂತ ಅಳತೆ ತಗೊಂಡೇ ಹೋಗಿ.